ನೂರರಲ್ಲಿ ಅವನ ಪಾಲೆಷ್ಟು?

ರೇಡಿಯೋದಲ್ಲಿ ಸಾವಿನ ಸುದ್ದಿ ಶುರುವಾಗುತ್ತಿದ್ದಂತೆ ಲಿಂಟನ್‌ನ ರಮ್ ಅಂಗಡಿಯಲ್ಲಿ ಡಾಮಿನೋ ಕಾಯಿ ಬಡಿಯುವ ಸದ್ದು ನಿಂತಿತು.

"ಶ್! ಛತ್ರಿ ಬಾಯ್ಸ್‌ದು ಬರುತ್ತೆ ಈಗ," ಎಂದು ಲಿಂಟನ್ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ.

ಈನಿಡ್ ಗಿಟನ್ಸ್ ಬಾಯಲ್ಲಿದ್ದ ಮೀನಿನ ವಡೆಯನ್ನು ದವಡೆಗೆ ತಳ್ಳಿಕೊಂಡು ಸುಮ್ಮನಾದಳು. ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆ ಹಿಡಿದವಳಾದರೂ ಹುಟ್ಟಿ ಬೆಳೆದ ದ್ವೀಪದ ಪದ್ಧತಿ ಬಿಡುವುದುಂಟೆ? ಸಾವಿನ ಸುದ್ದಿ ಓದುವಾಗ ಇಲ್ಲಿ ಕುಡುಕನೂ ಬಾಯಿ ಮುಚ್ಚುತ್ತಾನೆ. ಸತ್ತವರ ಹೆಸರು, ಅಡ್ಡಹೆಸರು, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಎಲ್ಲರನ್ನೂ ಹೇಳಬೇಕು. ಒಬ್ಬರನ್ನು ಬಿಟ್ಟರೂ ಮಣ್ಣು ಮಾಡುವ ದಿನ ಚರ್ಚಿನ ಬಾಗಿಲಲ್ಲೇ ಜಗಳ ಶುರುವಾಗುತ್ತದೆ.

ವಿಮಾ ದಲ್ಲಾಳಿ ಡಾರ್ನ್ಲಿ ಬಾಯ್ಸ್ ತನ್ನ ಕಚೇರಿಯ ಕಲ್ಲುಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ವಾರವಾಗಿತ್ತು; ಅವನನ್ನು ನೂಕಿದ್ದಾನೆಂದು ಬಡಗಿ ಆಸ್ವಿನ್ ಗ್ರೀನಿಜ್‌ನನ್ನು ಜೈಲಿಗೆ ಹಾಕಿದ್ದರು; ಗಂಡನನ್ನು ಹೇಗಾದರೂ ಬಿಡಿಸಿಕೊಡಿ ಎಂದು ಆಸ್ವಿನ್‌ನ ಹೆಂಡತಿ ಮರ್ಲ್ ಈನಿಡ್‌ಳ ಕೈ ಹಿಡಿದಿದ್ದಳು.

"ಸೇಂಟ್ ಲೂಸಿ, ಥಾರ್ಪ್ ಗ್ಯಾಪ್‌ನ ಡಾರ್ನ್ಲಿ ಎವರ್ಟನ್ ಬಾಯ್ಸ್," ಎಂದು ರೇಡಿಯೋದ ಹೆಂಗಸು ಗಂಟಲು ತಗ್ಗಿಸಿ ಓದಿದಳು. "ಎಲ್ಲರಿಗೂ ಛತ್ರಿ ಬಾಯ್ಸ್ ಎಂದೇ ಪರಿಚಿತರು. ದಿವಂಗತ ಎವರ್ಟನ್ ಬಾಯ್ಸ್ ಅವರ ಮತ್ತು ಆಲ್ಬರ್ಟಾ ಬಾಯ್ಸ್ ಅವರ ಮಗ. ಟೊರಾಂಟೋದ ಯೂಲಾ ಅವರ ಅಣ್ಣ. ಬ್ರಿಜ್‌ಟೌನಿನ ಕಾರ್ಲೈಲ್ ಟ್ರಾಟ್ಮನ್ ಅವರ ಅಣ್ಣ. ಅಂತ್ಯಕ್ರಿಯೆ ಬುಧವಾರ..."

ಈನಿಡ್ ವಡೆಯನ್ನು ಅಗಿಯದೆ ನುಂಗಿದಳು.

"ಯಾರ ಹೆಸರು ಹೇಳಿದ್ದು ಕೊನೇಲಿ?"

"ಟ್ರಾಟ್ಮನ್ ಅಂದ ಹಾಗಾಯ್ತು," ಎಂದ ಹಾಲಿಸ್, ಡಾಮಿನೋ ಕಾಯಿ ಕೈಯಲ್ಲೇ ಹಿಡಿದುಕೊಂಡು. ಅವನು ಮೀನುಗಾರ. ಜುಲೈ ಬಿರುಗಾಳಿಯಲ್ಲಿ ದೋಣಿಯೂ ಹೋಗಿತ್ತು, ಮನೆಯ ಮಾಡೂ ಹೋಗಿತ್ತು. "ಕೋರಲ್ ಗೇಟ್ ವಿಮಾ ಕಂಪನಿಯ ಆ ದೊಡ್ಡ ಮ್ಯಾನೇಜರ್ ಹೆಸರೂ ಟ್ರಾಟ್ಮನ್ನೇ ಅಲ್ವಾ? ನಮ್ಮ ಕ್ಲೇಮನ್ನೆಲ್ಲ ಕತ್ತರಿಸಿ ಬಿಸಾಕಿದೋನು?"

"ಹೆಸರು ಒಂದೇ ಇರಬಹುದು ಬಿಡೋ," ಎಂದ ಲಿಂಟನ್.

"ಕಾರ್ಲೈಲ್ ಟ್ರಾಟ್ಮನ್ ಅಂತ ಈ ದ್ವೀಪದಲ್ಲಿ ಇನ್ನೆಷ್ಟು ಜನ ಇದಾರಪ್ಪ? ಆ ಛತ್ರಿ ನಮ್ಮ ಮನೆ ಜಗಲೀಲಿ ಕೂತು ನನ್ನ ಹೆಂಡತಿ ಮಾಡಿದ ಕೇಕ್ ತಿಂದು ಏನಂದ ಗೊತ್ತಾ? 'ಹಾಲಿಸ್, ಈ ವರ್ಷ ಕಂತು ಸಿಕ್ಕಾಪಟ್ಟೆ ಏರಿಸಿದ್ರು, ನಾನು ನಿನಗೋಸ್ಕರ ಕಂಪನಿ ಜೊತೆ ಕುಸ್ತಿ ಮಾಡಿ ಇಳಿಸ್ಕೊಂಡು ಬಂದೆ' ಅಂದ. ಕುಸ್ತಿ ಮಾಡಿದ್ದು ತಮ್ಮನ ಜೊತೆನಾ?"

ಯಾರೂ ನಗಲಿಲ್ಲ. ಆ ಅಂಗಡಿಯಲ್ಲಿ ಕೂತವರಲ್ಲಿ ಬಾಯ್ಸ್ ಕೈಯಲ್ಲಿ ವಿಮೆ ಮಾಡಿಸದವನು ಒಬ್ಬನೂ ಇರಲಿಲ್ಲ.

ಈನಿಡ್‌ಗೆ ಮೈ ಉರಿಯಿತು. ಗುರುವಾರವಷ್ಟೇ ಆ ಟ್ರಾಟ್ಮನ್ ತನ್ನ ತಣ್ಣನೆಯ ಕಚೇರಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಅವಳಿಗೆ ಹೇಳಿದ್ದ: "ಬಾಯ್ಸಾ? ದಲ್ಲಾಳಿಗಳು ಎಷ್ಟೋ ಜನ ಬರ್ತಾರಮ್ಮ. ಮುಖ ನೋಡಿದ್ರೆ ನೆನಪಾಗಬಹುದೇನೋ." ಪೊಲೀಸರಿಗೂ ಅದನ್ನೇ ಬರೆದುಕೊಟ್ಟಿದ್ದ. ಸ್ವಂತ ಅಣ್ಣನ ಮುಖ ನೆನಪಾಗುವುದಕ್ಕೆ ನೋಡಬೇಕಂತೆ!

ಅವಳು ಚೀಲ ಹೆಗಲಿಗೇರಿಸಿ ಎದ್ದಳು.

*

ಬಾಯ್ಸ್‌ನ ತಾಯಿ ಆಲ್ಬರ್ಟಾ ಜಗಲಿಯಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ಮಗ ಸತ್ತ ಮನೆಗೆ ಬಂದು ಹೋಗುವವರಿಗೆಲ್ಲ ಅನ್ನ ತೊಗರಿ ಬೇಯಿಸಿ ಹಾಕಬೇಕಲ್ಲ. ಕಪ್ಪು ಬಟ್ಟೆಯ ಮಡಿಲಲ್ಲಿ ಹಸಿರು ಸಿಪ್ಪೆ ರಾಶಿ ಬಿದ್ದಿತ್ತು.

"ನಮಸ್ಕಾರ, ಮಿಸ್ ಆಲ್ಬರ್ಟಾ."

"ನಮಸ್ಕಾರ. ರೇಡಿಯೋ ಕೇಳಿ ಬಂದ್ಯಾ? ಬರೋರಲ್ಲಿ ನೀನೇ ಮೊದಲನೆಯೋಳು. ಕೂತ್ಕೋ, ಕೈಯಾಡಿಸು."

ಈನಿಡ್ ಒಂದು ಹಿಡಿ ಕಾಯಿ ತೆಗೆದುಕೊಂಡಳು. ಮುದುಕಿಯರ ಹತ್ತಿರ ಮಾತು ಹೊರಡಿಸಬೇಕಾದರೆ ಕೈಗೆ ಕೆಲಸ ಹಚ್ಚಿಕೊಳ್ಳಬೇಕು, ಇದು ಅವಳಿಗೆ ಠಾಣೆಯಲ್ಲಿ ಯಾರೂ ಕಲಿಸಿದ್ದಲ್ಲ.

"ಟ್ರಾಟ್ಮನ್ ನಿಮ್ಮ ಹೊಟ್ಟೇಲಿ ಹುಟ್ಟಿದೋನಲ್ಲ, ಅಲ್ವಾ?"

"ಅಲ್ಲ. ನನ್ನ ಗಂಡನಿಗೆ ಹೊರಗೆ ಹುಟ್ಟಿದೋನು. ಊರಿಗೆ ಗೊತ್ತಿರಲಿಲ್ಲ. ನಂಗೊತ್ತಿತ್ತು." ಮುದುಕಿ ಒಂದು ಕಾಯಿಯನ್ನು ಹೆಬ್ಬೆರಳಿಂದ ಸೀಳಿದಳು. "ನನ್ನ ಗಂಡ ಸತ್ತಾಗ ಸುದ್ದೀಲಿ ಅವನ ಹೆಸರು ಹಾಕಿಸ್ಲಿಲ್ಲ. ಆ ಹುಡುಗ ನಮ್ಮ ಬೇಲಿ ಆಚೆ ನಿಂತು ಅಳ್ತಿದ್ದ. ನಾನು ಕಿಟಕಿ ಮುಚ್ಚಿದೆ. ನಂಗೂ ಸಿಟ್ಟಿತ್ತಮ್ಮ, ಇರಬಾರದಾ?"

"ಇರಲಿ. ಈಗ ಯಾಕೆ ಹಾಕಿಸಿದ್ರಿ?"

"ಹಾಕಬೇಡಿ ಅಂತ ಅವನೇ ಫೋನ್ ಮಾಡಿದ. ಅದಕ್ಕೇ ಹಾಕಿಸಿದೆ."

ಈನಿಡ್ ಕೈ ನಿಲ್ಲಿಸಿದಳು.

"ನನ್ನ ಮಗ ಬದುಕಿದ್ದಾಗ ಪ್ರತಿ ಶನಿವಾರ ಈ ಮೇಜಿನ ಮೇಲೆ ಇಬ್ಬರೂ ಒಟ್ಟಿಗೆ ಕೂತು ಉಣ್ತಿದ್ರು. ಬರೋವಾಗ ಹಿಂದಿನ ಬಾಗಿಲಿಂದ ಬರೋನು, ಹೋಗೋವಾಗ ಹಿಂದಿನ ಬಾಗಿಲಿಂದ ಹೋಗೋನು. 'ಅಮ್ಮ' ಅಂತಿದ್ದ ನಂಗೆ. ಬಾಯಿ ತುಂಬ ಅಮ್ಮ. ಈಗ ಅಣ್ಣ ಸತ್ತ, 'ನನ್ನ ಹೆಸರು ಎತ್ತಬೇಡಿ, ಮಿಸೆಸ್ ಬಾಯ್ಸ್' ಅಂತಾನೆ. ಮಿಸೆಸ್ ಬಾಯ್ಸ್! ಎತ್ತಿದೆ ನೋಡು. ಇಡೀ ದ್ವೀಪ ಕೇಳೋ ಹಾಗೆ ಎತ್ತಿದೆ."

ಅವಳಿಗೆ ಅಳು ಬರಲಿಲ್ಲ. ಅತ್ತು ಮುಗಿಸಿದ್ದಳೋ, ಸಿಟ್ಟು ಅಳುವಿಗೆ ಜಾಗ ಬಿಟ್ಟಿರಲಿಲ್ಲವೋ.

"ಸಾಯೋಕೆ ಮುಂಚೆ ನಿಮ್ಮ ಮಗ ಹೇಗಿದ್ದ?"

"ಬಿರುಗಾಳಿ ಆದ ಮೇಲೆ ಅವನಿಗೆ ನಿದ್ದೆ ಇರಲಿಲ್ಲ. ಮಾಡು ಹೋದೋರೆಲ್ಲ ಇಲ್ಲಿಗೇ ಬಂದು ಬೈದು ಹೋಗ್ತಿದ್ರು. ಆ ಆಸ್ವಿನ್ ಕಚೇರಿ ಮುಂದೆ ನಿಂತು 'ಇದೇ ಮೆಟ್ಟಲಿಂದ ನಿನ್ನ ಉರುಳಿಸ್ತೀನಿ' ಅಂತ ಕೂಗಿದ್ದು ನೀನೂ ಕೇಳಿರಬೇಕು. ಕೊನೇಗೆ ಆ ಶುಕ್ರವಾರ ಬೆಳಿಗ್ಗೆ ಚಹಾ ಕುಡೀತಾ ಅಂದ, 'ಅಮ್ಮ, ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಎಲ್ಲಾ ಹೇಳ್ಬಿಡ್ತೀನಿ. ಕಾರ್ಲೈಲ್‌ಗೂ ಹೇಳಿದೀನಿ. ಅವನು ಬೇಡ ಅಂತ ಕುಣೀತಿದಾನೆ.' ಏನು ಹೇಳ್ತೀಯೋ ಅಂತ ಕೇಳಿದೆ. 'ಕೇಳಿದ್ರೆ ನಿಂಗೆ ಚಹಾ ಇಳಿಯಲ್ಲ' ಅಂದ. ಸಂಜೆಗೆ ಹೆಣ ಆಗಿದ್ದ."

ಈನಿಡ್ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಭಾನುವಾರ ಬಾಯಿಬಿಡಬೇಕಿದ್ದವನು ಶುಕ್ರವಾರವೇ ಸತ್ತಿದ್ದ. ಆ ಬಾಯಿಂದ ಆಸ್ವಿನ್‌ಗೆ ನಷ್ಟವಿರಲಿಲ್ಲ, ಲಾಭವೇ ಇತ್ತು. ನಷ್ಟವಿದ್ದದ್ದು ಹಿಂದಿನ ಬಾಗಿಲಿಂದ ಬಂದು ಉಂಡು ಹೋಗುತ್ತಿದ್ದವನಿಗೆ. ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಆಸ್ವಿನ್‌ನನ್ನು ನಿಲ್ಲಿಸುವ ಮೊದಲು ಇದನ್ನು ಕೇಸು ನೋಡುತ್ತಿದ್ದ ಇನ್ಸ್‌ಪೆಕ್ಟರ್ ಸೀಲಿಯ ಕಿವಿಗೆ ಹಾಕಬೇಕು. ಅದಕ್ಕೂ ಮೊದಲು ಟ್ರಾಟ್ಮನ್‌ನ ಬಾಯಿಂದಲೇ ಒಂದಿಷ್ಟು ಹೊರಡಿಸಬೇಕು.

*

ಶನಿವಾರವಾದ್ದರಿಂದ ಇಡೀ ದ್ವೀಪ ವಾಡಿಕೆಯಂತೆ ಸೌಸ್, ಅಂದರೆ ನಿಂಬೆರಸದಲ್ಲಿ ನೆನೆಸಿದ ಹಂದಿಮಾಂಸ, ತಿನ್ನುತ್ತಿತ್ತು. ಟ್ರಾಟ್ಮನ್ ಕೂಡ ತನ್ನ ದೊಡ್ಡ ಬಂಗಲೆಯ ಹಿಂದಿನ ವರಾಂಡದಲ್ಲಿ ತಟ್ಟೆ ಮುಂದಿಟ್ಟುಕೊಂಡಿದ್ದ, ಆದರೆ ತುತ್ತು ಎತ್ತಿರಲಿಲ್ಲ. ಪಕ್ಕದಲ್ಲಿ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು. ರೇಡಿಯೋ ಕೇಳಿದವರು ಒಬ್ಬಿಬ್ಬರೇ?

"ಬನ್ನಿ," ಎಂದ ತಲೆ ಎತ್ತದೆ. "ಅಭಿನಂದನೆ ಹೇಳೋಕೆ ಬಂದ್ರಾ? ಕೊನೆಗೂ ನಂಗೊಬ್ಬ ಅಪ್ಪ ಸಿಕ್ಕಿದ."

"ಅಣ್ಣನೂ ಸಿಕ್ಕಿದ. ಗುರುವಾರ ಅವನ ಮುಖ ನೆನಪಿರಲಿಲ್ಲ ನಿಮಗೆ."

"ಆ ಮುದುಕಿ..." ಎಂದು ಹಲ್ಲು ಕಡಿದ. "ಅಪ್ಪ ಸತ್ತಾಗ ನನ್ನ ಹೆಸರು ಹಾಕಿಸು ಅಂತ ನನ್ನಮ್ಮ ಹೋಗಿ ಅವಳ ಕಾಲು ಹಿಡಿದಿದ್ಲು. ಆಗ ಹಾಕಿಸ್ಲಿಲ್ಲ. ಇಷ್ಟು ವರ್ಷ ಆದ ಮೇಲೆ, ಆ ಹೆಸರು ನನ್ನ ಕುತ್ತಿಗೆಗೆ ಉರುಳಾಗೋ ಹೊತ್ತಲ್ಲಿ ಹಾಕಿಸಿದಾಳೆ."

ಈನಿಡ್‌ಗೆ ಒಂದು ಗಳಿಗೆ ಅವನ ಮೇಲೆ ಕನಿಕರ ಹುಟ್ಟಿತು. ಹಾಲಿಸ್‌ನ ಮಾಡಿಲ್ಲದ ಮನೆ ನೆನಪಾಗಿ ಅದು ಅಲ್ಲೇ ಸತ್ತಿತು.

"ಪೊಲೀಸರಿಗೆ ಸುಳ್ಳು ಹೇಳಿದ್ರಿ."

"ಹೇಳಿದೆ. ನೀವಾಗಿದ್ರೂ ಹೇಳ್ತಿದ್ರಿ. ಕಂತು ಎಷ್ಟು ಅಂತ ನಿರ್ಧಾರ ಮಾಡೋನು ತಮ್ಮ, ಆ ಕಂತು ಊರಿಗೆ ಮಾರೋ ದಲ್ಲಾಳಿ ಅಣ್ಣ. ಕಂಪನಿಗೆ ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ."

"ಕಂಪನಿ ಚಿಂತೆ ಆಮೇಲೆ. ಊರಿಗೆ ಗೊತ್ತಾಗಬೇಕಿತ್ತಲ್ಲ. ದಲ್ಲಾಳಿ ಅಂದ್ರೆ ನಮ್ಮ ಪರವಾಗಿ ನಿಮ್ಮ ಹತ್ರ ಚೌಕಾಸಿ ಮಾಡೋನು ಅಂತ ಜನ ನಂಬಿದ್ರು."

ಟ್ರಾಟ್ಮನ್ ನಕ್ಕ. ಹೊಟ್ಟೆಯಿಂದ ಬಂದ ನಗುವಲ್ಲ.

"ಅವನಿಗೆ ಸಂಬಳ ಕೊಡ್ತಿದ್ದಿದ್ದು ಯಾರು ಅಂತ ಒಬ್ಬನಾದ್ರೂ ಕೇಳಿದ್ನಾ? ಜನ ಕಂತು ಕಟ್ತಾರೆ. ಅದರಲ್ಲಿ ದಲ್ಲಾಳಿಯ ಕಮಿಷನ್ ಕಂಪನಿ ಕೊಡುತ್ತೆ. ಕಂತು ಏರಿದ್ರೆ ಅವನ ಪಾಲೂ ಏರುತ್ತೆ. ಅವನು ಯಾಕೆ ಇಳಿಸೋಕೆ ಹೋಗ್ತಾನೆ ಹೇಳಿ?"

"ಕುಸ್ತಿ ಮಾಡಿ ಇಳಿಸಿದೆ ಅಂತಿದ್ನಲ್ಲ?"

"ಇಳಿಸ್ತಿದ್ವಿ. ಮೊದಲು ನಾನು ಬೇಕಂತಲೇ ಜಾಸ್ತಿ ಬರೀತಿದ್ದೆ, ಆಮೇಲೆ ಅವನು ಬಂದು ಸ್ವಲ್ಪ ಇಳಿಸ್ಕೊಂಡು ಹೋಗ್ತಿದ್ದ. ಜನ ಕೈ ಮುಗೀತಿದ್ರು. ನಮ್ಮ ಕಂಪನಿಗೇ ವಿಮೆ ಕೊಡೋ ಹೊರದೇಶದ ದೊಡ್ಡ ಕಂಪನಿಗಳು ನಮಗೆ ದರ ಏರಿಸಿದ್ದು ಸುಳ್ಳಲ್ಲ, ಪ್ರತಿ ಬಿರುಗಾಳಿ ಆದ ಮೇಲೂ ಏರಿಸ್ತಾರೆ. ಅವರು ಏರಿಸಿದ್ದರ ಮೇಲೆ ನಾವೂ ಒಂದಿಷ್ಟು ಹಾಕ್ತಿದ್ವಿ. ಎಲ್ಲಾ ಏರೋ ಕಾಲದಲ್ಲಿ ಯಾರಿಗೆ ಗೊತ್ತಾಗುತ್ತೆ?"

"ವಿಮಾ ಕಾಗದದಲ್ಲಿ ಮನೆಗಳ ಬೆಲೆ ಕಮ್ಮಿ ಬರೆಸಿದ್ದೂ ಅದಕ್ಕೇನಾ?"

ಅವನು ತಟ್ಟೆಯನ್ನು ದೂರ ಸರಿಸಿದ.

"ಕಂತು ತೀರಾ ಏರಿದ್ರೆ ಜನ ವಿಮೆನೇ ಬಿಟ್ಬಿಡ್ತಾರೆ. ಬಿಟ್ರೆ ನಮಗೇನು ಸಿಗುತ್ತೆ? ಅದಕ್ಕೆ ಡಾರ್ನ್ಲಿ ಹೇಳ್ತಿದ್ದ, ಮನೆ ಬೆಲೆ ಅರ್ಧ ಅಂತ ಬರೆಸಿ, ಕಂತೂ ಅರ್ಧ ಆಗುತ್ತೆ ಅಂತ. ಅರ್ಧ ಬೆಲೆಗೆ ಬರೆಸಿದ್ರೆ ನಷ್ಟದಲ್ಲೂ ಅರ್ಧ ಮಾತ್ರ ಸಿಗೋದು. ಮಾಡೊಂದೇ ಹೋದ್ರೂ ಅರ್ಧ ಮಾಡಿನ ದುಡ್ಡು. ಅದನ್ನ ಮಾತ್ರ ಅವನು ಹೇಳ್ತಿರಲಿಲ್ಲ."

ಈನಿಡ್‌ಳ ತಂಗಿಯ ಮನೆಯನ್ನೂ ಇದೇ ಛತ್ರಿ ಅರ್ಧ ಬೆಲೆಗೆ ಬರೆಸಿದ್ದ. ಎಷ್ಟು ಒಳ್ಳೆಯವನು ಎಂದು ಆಕೆ ಕ್ರಿಸ್‌ಮಸ್‌ಗೆ ಅವನಿಗೆ ಹ್ಯಾಮ್ ಕಳಿಸಿದ್ದಳು.

"ನೂರು ಡಾಲರ್ ಕಂತಿನಲ್ಲಿ ಅವನ ಪಾಲೆಷ್ಟು?" ಎಂದು ಕೇಳಿದಳು.

"ಊರಲ್ಲಿ ಹತ್ತು ಅಂತಿದ್ದ. 'ಪೆಟ್ರೋಲಿಗೂ ಸಾಲಲ್ಲ' ಅಂತಿದ್ದ."

"ನಿಜವಾಗಿ?"

ಟ್ರಾಟ್ಮನ್ ಸಮುದ್ರದ ಕಡೆ ನೋಡಿದ. ಫೋನು ಮತ್ತೆ ಬಡಿದುಕೊಂಡಿತು. ಎತ್ತಲಿಲ್ಲ.

"ಮೂವತ್ತೈದು."

"ಮೂವತ್ತೈದಾ!"

"ಇಪ್ಪತ್ತು ಕಂಪನಿ ಕೊಡೋದು. ಇನ್ನು ಹದಿನೈದನ್ನ ತಪಾಸಣೆ ಖರ್ಚು ಅಂತ ತೋರಿಸಿ ನಾನು ದಾಟಿಸ್ತಿದ್ದೆ. ಆಮೇಲೆ ಅಮ್ಮನ ಮನೇಲಿ ಶನಿವಾರ ಇಬ್ಬರೂ ಹಂಚ್ಕೊಳ್ತಿದ್ವಿ. ಕಂಪನಿಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ಗೊತ್ತಿಲ್ಲ. ಒಟ್ಟು ಎಷ್ಟು ಅಂತ ಗೊತ್ತಿದ್ದೋರು ಈ ಭೂಮಿ ಮೇಲೆ ಇಬ್ಬರೇ. ಒಬ್ಬನನ್ನ ಬುಧವಾರ ಮಣ್ಣು ಮಾಡ್ತಾರೆ."

"ಅವನು ಅದನ್ನ ಚರ್ಚಿನಲ್ಲಿ ಹೇಳೋನಿದ್ದ."

"ಹೌದು."

"ಹೇಳೋಕೆ ಮುಂಚೆ ಸತ್ತ."

"ನೋಡಿ, ಕಳ್ಳ ಅನ್ನಿ, ಒಪ್ಪಿಕೊಳ್ತೀನಿ. ಅದಕ್ಕೇ ಇಷ್ಟೆಲ್ಲ ಬಾಯಿಬಿಟ್ಟೆ. ಹೆಸರು ಹೇಗೂ ಹೋಯ್ತು. ಆದ್ರೆ ನಾನು ಅವನನ್ನ ಮುಟ್ಟಿಲ್ಲ." ಅವನು ಫೋನನ್ನು ಕವುಚಿ ಹಾಕಿದ. "ಆ ಮನೇಲಿ ನನ್ನನ್ನ ತಮ್ಮ ಅಂತ ಕರೆದೋನು ಅವನೊಬ್ಬನೇ."

"ಆ ಶುಕ್ರವಾರ ಸಂಜೆ ಎಲ್ಲಿದ್ರಿ?"

"ಕಾರಲ್ಲಿ. ಅವನ ಹತ್ರ ಬೇಡಿಕೊಳ್ಳೋಣ ಅಂತ ಸ್ಪೈಟ್ಸ್‌ಟೌನಿನ ಅವನ ಕಚೇರಿಗೆ ಹೊರಟೆ. ಅರ್ಧ ದಾರೀಲಿ ಮನಸ್ಸಾಗದೆ ವಾಪಸ್ ಬಂದೆ."

"ನೋಡಿದೋರು?"

"ಯಾರೂ ಇಲ್ಲ."

ಈನಿಡ್ ಗೇಟು ದಾಟಿ ಬಂದು ಬಸ್ ನಿಲ್ದಾಣದ ನೆರಳಲ್ಲಿ ನಿಂತು ಇನ್ಸ್‌ಪೆಕ್ಟರ್ ಸೀಲಿಗೆ ಫೋನ್ ಹಚ್ಚಿದಳು. ಸಂಬಂಧ, ಸುಳ್ಳು ಹೇಳಿಕೆ, ಚರ್ಚಿನ ಮಾತು, ಸಾಕ್ಷಿಯಿಲ್ಲದ ಸಂಜೆ ಎಲ್ಲವನ್ನೂ ಹೇಳಿದಳು. ಮೂವತ್ತೈದರ ಅಂಕಿಯನ್ನು ಮಾತ್ರ ಎದುರಿಗೆ ಕೂತು ಹೇಳೋಣವೆಂದು ಉಳಿಸಿಕೊಂಡಳು. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಠಾಣೆಯ ಗೋಡೆಗೂ ಕಿವಿ ಬರುತ್ತದೆ.

"ಆಸ್ವಿನ್ ಬಾಯೇ ಬಿಡ್ತಿಲ್ಲ ಮಿಸ್ ಈನಿಡ್," ಎಂದ ಸೀಲಿ. "ಮಾಡಿದೆ ಅಂತಾನೂ ಇಲ್ಲ, ಮಾಡಿಲ್ಲ ಅಂತಾನೂ ಇಲ್ಲ."

"ಮಾಡದಿರೋನಿಗೆ ರೋಷ ಇರುತ್ತಪ್ಪ. ಮನೆ ಹೋಯ್ತು, ದುಡ್ಡು ಹೋಯ್ತು, ಮೇಲೆ ಕೊಲೆಗಾರ ಅಂತ ಹೆಸರು. ನಾನಾಗಿದ್ರೂ ನಿನ್ನ ಮುಖ ನೋಡಿ ಮಾತಾಡ್ತಿರಲಿಲ್ಲ. ಮೊದಲು ಈ ಟ್ರಾಟ್ಮನ್‌ನ ಠಾಣೆಗೆ ಎಳ್ಕೊಂಡು ಬಾ."

*

ಮರ್ಲ್ ಗ್ರೀನಿಜ್ ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು, ಸೋಮವಾರ ಕೋರ್ಟಿಗೆ ಹಾಕಿಕೊಳ್ಳಲಿ ಎಂದು. ತಲೆಯ ಮೇಲೆ ಮಾಡಿನ ಬದಲು ನೀಲಿ ತಾಡಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಊರಿಗೆಲ್ಲ ಮಾಡು ಕಟ್ಟಿಕೊಟ್ಟ ಬಡಗಿಯ ಮನೆ!

"ಸಿಕ್ಕಿದ ಕಣೆ ಮರ್ಲ್," ಎಂದಳು ಈನಿಡ್ ಬಾಗಿಲಲ್ಲೇ.

ಮರ್ಲ್ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಟ್ರಾಟ್ಮನ್ ಯಾರು, ಅಣ್ಣತಮ್ಮ ಹೇಗೆ ಊರಿಗೆ ನಾಮ ಹಾಕಿದರು, ಸೀಲಿಯ ಜೀಪು ಈಗ ಎಲ್ಲಿಗೆ ಹೊರಟಿದೆ, ಎಲ್ಲವನ್ನೂ ಈನಿಡ್ ಹೇಳಿದಳು. ಮರ್ಲ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಕಣ್ಣಿಂದ ನೀರು ಇಳಿಯಿತು.

"ದೇವರು ದೊಡ್ಡೋನು," ಎಂದಳು. "ಅವನೇ. ಆ ಟ್ರಾಟ್ಮನ್ನೇ ನೂಕಿದ್ದು. ನಾನು ಹೇಳಿರಲಿಲ್ವಾ, ಬೇರೆ ಯಾರೋ ಇದಾರೆ ಅಂತ?"

"ನೀನು ಹೇಳಿದ್ದೆ."

"ಎಷ್ಟು ತಿಂದ್ರಂತೆ ನಮ್ಮ ದುಡ್ಡಲ್ಲಿ? ಅವನು ಹೇಳಿದ್ನಾ?"

"ಹೇಳಿದ."

ಮರ್ಲ್‌ಳ ಮುಖ ಬದಲಾಯಿತು. ಖುಷಿ ಅಲ್ಲೇ ನಿಂತುಹೋಗಿ, ಅದರ ಜಾಗದಲ್ಲಿ ಭಯ ಬಂತು. ಅವಳು ಈನಿಡ್‌ಳ ಮುಂಗೈ ಹಿಡಿದಳು.

"ಮೂವತ್ತೈದು ಅಂತ ಮಾತ್ರ ಹೇಳಬೇಡಿ, ಮಿಸ್ ಈನಿಡ್. ಹದಿನೈದು ಅನ್ನಿ, ಇಪ್ಪತ್ತು ಅನ್ನಿ. ಮೂವತ್ತೈದಲ್ಲ ತಾನೇ?"

ಯೋಚನೆ ಮಾಡುವ ಮೊದಲೇ ಈನಿಡ್‌ಳ ಬಾಯಿಂದ ಮಾತು ಹೊರಬಿತ್ತು. "ಅದು ನಿಂಗೆ ಯಾರು ಹೇಳಿದ್ದು?"

ಮರ್ಲ್ ಕೈ ಬಿಟ್ಟಳು. ಹಿಂದಕ್ಕೆ ಸರಿದು ಕುರ್ಚಿಯ ಮೇಲೆ ಕುಸಿದಳು. ಅವಳಿಗೆ ಉತ್ತರ ಸಿಕ್ಕಿತ್ತು.

ಈನಿಡ್‌ಗೂ ಸಿಕ್ಕಿತ್ತು. ಟ್ರಾಟ್ಮನ್ ಈ ಹೆಂಗಸಿನ ಮುಖ ನೋಡಿದವನಲ್ಲ. ಉಳಿದವನು ಒಬ್ಬನೇ.

"ನೀನು ಬಾಯ್ಸ್ ಹತ್ರ ಹೋಗಿದ್ದೆ," ಎಂದಳು. "ಯಾವತ್ತು?"

"ಅವತ್ತೇ."

"ಶುಕ್ರವಾರ?"

"ಆಸ್ವಿನ್ ಸಿಟ್ಟಲ್ಲಿ ಮನೆ ಬಿಟ್ಟು ಹೋಗಿದ್ದ. ಏನಾದ್ರೂ ಅನಾಹುತ ಮಾಡ್ಕೊಂಡಾನು ಅಂತ ಹುಡುಕ್ಕೊಂಡು ಹೋದೆ. ಆಸ್ವಿನ್ ಇರಲಿಲ್ಲ. ಬಾಯ್ಸ್ ಮೆಟ್ಟಲ ಕೆಳಗೆ ಬಿದ್ದಿದ್ದ." ಮರ್ಲ್ ಅಂಗಿಯ ತೋಳನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದಳು. "ಉಸಿರಿತ್ತು. ಮಾತೂ ಬರ್ತಿತ್ತು. 'ಮರ್ಲ್, ಆಂಬುಲೆನ್ಸ್ ಕರಿ' ಅಂದ. ಫೋನ್ ನನ್ನ ಕೈಯಲ್ಲೇ ಇತ್ತು."

"ಕರೀಲಿಲ್ವಾ?"

"ಪಕ್ಕದಲ್ಲಿ ಕೂತ್ಕೊಂಡೆ. ಎಷ್ಟು ವರ್ಷದಿಂದ ಅವನನ್ನ ಕೇಳ್ತಿದ್ದೆ ಗೊತ್ತಾ, ನಾವು ಕಟ್ಟೋ ದುಡ್ಡಲ್ಲಿ ನಿನ್ನ ಪಾಲೆಷ್ಟು ಅಂತ? ಪ್ರತಿ ಸಲ ನಗ್ತಿದ್ದ, ಮಾತು ತಿರುಗಿಸ್ತಿದ್ದ. ಅವತ್ತೂ ಅದನ್ನೇ ಕೇಳಿದೆ. 'ಹೇಳು, ಆಮೇಲೆ ಕರೀತೀನಿ' ಅಂದೆ. ಹೇಳಿದ. ಮೂವತ್ತೈದು ಅಂದ."

ತಾಡಪಾಲು ಗಾಳಿಗೆ ಎದ್ದು ಬಿತ್ತು. ಈನಿಡ್‌ಗೆ ಆ ಹೆಂಗಸಿನ ಮೇಲೆ ಅಸಹ್ಯವಾಯಿತು, ಅದರ ಜೊತೆಗೇ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಎರಡೂ ನಿಜವೇ.

"ಆಮೇಲೆ?"

"ಆಮೇಲೆ ಕೇಳಿದೆ, ನಿನ್ನ ನೂಕಿದ್ದು ಯಾರು ಅಂತ." ಮರ್ಲ್ ತಲೆ ಎತ್ತಿದಳು. "'ಆಸ್ವಿನ್' ಅಂದ."

ಈನಿಡ್ ಹೋಗಿ ಬಾಗಿಲು ಮುಚ್ಚಿ ಬಂದಳು.

"ಕರೀಬೇಕು ಅಂತ ಫೋನ್ ಎತ್ತಿದ್ದೆ, ದೇವರಾಣೆ. ಆ ಹೆಸರು ಕೇಳಿದ ಮೇಲೆ ಬೆರಳು ಏಳಲಿಲ್ಲ. ಅವನು ಬದುಕಿದ್ರೆ ಅದೇ ಹೆಸರು ಪೊಲೀಸರಿಗೂ ಹೇಳ್ತಿದ್ದ. ಎದ್ದು ಮನೆಗೆ ಬಂದೆ."

"ಆಸ್ವಿನ್‌ನ ಕೇಳಿದ್ಯಾ?"

"ಕೇಳೋಕೆ ಭಯ. ಅವನೂ ನನ್ನ ಏನೂ ಕೇಳ್ಲಿಲ್ಲ. ಬೆಳಿಗ್ಗೆ ಪೊಲೀಸ್ರು ಬಂದ್ರು." ಅವಳ ಮಾತು ಈಗ ಓಡತೊಡಗಿತು. "ಆದ್ರೆ ನಾನೇ ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕ್ಕೊಂಡೆ. ನೂರಕ್ಕೆ ಮೂವತ್ತೈದು ಯಾರಾದ್ರೂ ತಗೋತಾರಾ? ಯಾವ ಕಂಪನಿ ಕೊಡುತ್ತೆ? ಸಾಯೋವಾಗಲೂ ನನ್ನ ಹೊಟ್ಟೆ ಉರಿಸೋಕೆ ಸುಳ್ಳು ಹೇಳಿದ ಅಂದ್ಕೊಂಡೆ. ಅವನು ಹೇಳಿದ್ದು ಎರಡೇ ಮಾತು. ಒಂದು ಸುಳ್ಳಾದ್ರೆ ಇನ್ನೊಂದೂ ಸುಳ್ಳು. ಆ ಧೈರ್ಯದ ಮೇಲೇ ನಿಮ್ಮ ಹತ್ರ ಬಂದೆ."

ಈನಿಡ್ ಕುರ್ಚಿ ಎಳೆದುಕೊಂಡು ಕೂತಳು. ಜೀವಮಾನವಿಡೀ ಊರಿನ ಕಣ್ಣಿಗೆ ಮಣ್ಣೆರಚಿದ ಮನುಷ್ಯ ಕೊನೆಗೆ ಒಬ್ಬ ಹೆಂಗಸಿಗೆ ನಿಜವಾದ ಲೆಕ್ಕ ಕೊಟ್ಟಿದ್ದ. ಅದೇ ಉಸಿರಿನಲ್ಲಿ ಇನ್ನೊಂದು ಹೆಸರನ್ನೂ ಕೊಟ್ಟಿದ್ದ.

ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಸೀಲಿ. ಅವನ ದೊಡ್ಡ ಗಂಟಲು ಕೋಣೆಗೆಲ್ಲ ಕೇಳಿಸುವಂತಿತ್ತು.

"ಮಿಸ್ ಈನಿಡ್! ಟ್ರಾಟ್ಮನ್ ಠಾಣೇಲಿ ಕೂತಿದಾನೆ. ಸಂಬಂಧ ಒಪ್ಪಿಕೊಂಡ, ಸುಳ್ಳು ಹೇಳಿದ್ದೂ ಒಪ್ಪಿಕೊಂಡ. ಕೊಲೆ ಮಾತ್ರ ಇಲ್ಲ ಅಂತ ಅ‌ಳ್ತಿದಾನೆ, ಅಳ್ಲಿ ಬಿಡಿ. ಸಾಹೇಬರ ಹತ್ರ ಮಾತಾಡಿದೆ. ನೀವು ಇಲ್ಲಿಗೆ ಬಂದು ಒಂದು ಹೇಳಿಕೆ ಕೊಟ್ರೆ ಸೋಮವಾರ ನಿಮ್ಮ ಆಸ್ವಿನ್ ಮನೆಗೆ ಬರ್ತಾನೆ. ಒಂದೇ ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ. ಆಸ್ವಿನ್ ಅಲ್ಲ ಅಂತ ನಿಮಗೆ ಖಾತ್ರಿ ಇದೆ ತಾನೇ?"

ಮರ್ಲ್ ನೆಲಕ್ಕೆ ಜಾರಿ ಈನಿಡ್‌ಳ ಮೊಣಕಾಲು ಹಿಡಿದುಕೊಂಡಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು: "ಆ ಬಾಯ್ಸ್ ಸುಳ್ಳುಗಾರ. ಊರಿಗೇ ಗೊತ್ತು, ಅವನು ಸುಳ್ಳುಗಾರ."

"ಹಲೋ?" ಎಂದ ಸೀಲಿ. "ಮಿಸ್ ಈನಿಡ್? ಆಸ್ವಿನ್ ಅಲ್ಲ ತಾನೇ?"